ಐದು ಸ್ಟಾರಿಗೆ ಬೆಲೆ ಬಂದ ಬಗೆ

‘ಮನೆಯಲ್ಲೇ ಕೂತು ದುಡ್ಡು ಮಾಡಿ. ನಾವು ಕಳಿಸುವ ಹೋಟೆಲ್‌ಗಳಿಗೆ ಗೂಗಲ್ ಮ್ಯಾಪಿನಲ್ಲಿ ಐದು ಸ್ಟಾರ್ ಕೊಡಿ. ಒಂದೊಂದಕ್ಕೂ ಇಷ್ಟಿಷ್ಟು ರೂಪಾಯಿ.’ ಇಂಥ ಮೆಸೇಜ್ ಈಚಿನ ವರ್ಷಗಳಲ್ಲಿ ನಿಮ್ಮ ಫೋನಿಗೂ ಬಂದಿರಬಹುದು. ಇದು ಮೋಸದ ಜಾಲ. ಮೊದಲು ನೂರಿನ್ನೂರು ರೂಪಾಯಿ ನಿಜವಾಗಿಯೂ ಖಾತೆಗೆ ಬೀಳುತ್ತದೆ. ಆಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸುತ್ತಾರೆ. ಅಲ್ಲಿ ‘ಮುಂಗಡ ಕಟ್ಟಿದರೆ ಜಾಸ್ತಿ ಸಿಗುವ ಟಾಸ್ಕ್’ ಶುರುವಾಗುತ್ತದೆ. ಹಾಗೆ ಲಕ್ಷಗಟ್ಟಲೆ ಕಳೆದುಕೊಂಡವರು ನಮ್ಮ ನಡುವೆಯೇ ಇದ್ದಾರೆ. ಮೋಸ ಹೋದರೆ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅನ್ನುವುದು ಈಗ ಬಹಳ ಜನಕ್ಕೆ ಗೊತ್ತು. ಆದರೆ ಇದರಲ್ಲಿ ಇನ್ನೊಂದು ಎಳೆಯೂ ಇದೆ. ದುಡ್ಡು ಹೋಗುವ ಮೊದಲು ಈ ಮೋಸ ಹೋದವರು ಕಂಡು ಕೇಳರಿಯದ ಹೋಟೆಲ್‌ಗಳಿಗೆ ಐದೈದು ಸ್ಟಾರ್ ಕೊಟ್ಟಿರುತ್ತಾರೆ. ಗೂಗಲ್ ಕಣ್ಣು ತಪ್ಪಿಸಿ ಉಳಿದ ಅಂಥ ಸ್ಟಾರ್‌ಗಳನ್ನು ನೋಡಿಕೊಂಡು ನಾವು ಸಂಸಾರ ಸಮೇತ ಊಟಕ್ಕೆ ಹೊರಡುತ್ತೇವೆ.

ಎಲ್ಲಿ ತಿಂಡಿ ಚೆನ್ನಾಗಿದೆ ಅಂತ ಇನ್ನೊಬ್ಬರನ್ನು ಕೇಳುವುದು ಹೊಸದೇನೂ ಅಲ್ಲ. ಆ ಮಾತು ಸಂತೆಯ ಸರಕಿನ ಹಾಗೆ ಮಾರಾಟಕ್ಕೆ ಬಂದದ್ದು ಈಚೆಗೆ. ಬೆಂಗಳೂರಿನ ಹೋಟೆಲ್‌ಗಳನ್ನೇ ಹಿಡಿದು ನೋಡಿದರೆ ಇದು ಹೇಗಾಯಿತು ಅನ್ನುವುದು ಚೆನ್ನಾಗಿ ತಿಳಿಯುತ್ತದೆ.

ಎಂಟಿಆರ್ ಶುರುವಾದದ್ದು 1924ರಲ್ಲಿ. ಉಡುಪಿ ಸೀಮೆಯಿಂದ ಬಂದ ಮಯ್ಯ ಸಹೋದರರು ಅದನ್ನು ತೆರೆದಾಗ ಇಟ್ಟ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಆ ಕಾಲದಲ್ಲಿ ಹೊರಗೆ ತಿನ್ನುವುದು ಅಂದರೆ ಎಷ್ಟೋ ಮನೆಗಳಲ್ಲಿ ಮುಖ ಸಿಂಡರಿಸುತ್ತಿದ್ದರು. ಯಾರು ಬೇಯಿಸಿದ್ದು ಅನ್ನುವುದೇ ಮೊದಲ ಪ್ರಶ್ನೆ. ಬೋರ್ಡಿನ ಮೇಲಿನ ಜಾತಿಯ ಹೆಸರೇ ಅಂದಿನ ಕೆಲವರ ಪಾಲಿಗೆ ರೇಟಿಂಗ್ ಆಗಿತ್ತು. ಹಳೆಯ ಕಾಲದ ನಂಬಿಕೆಯನ್ನು ಹೊಗಳುವಾಗ ಇದನ್ನು ಮರೆಯಬಾರದು. ಆ ನಂಬಿಕೆಯ ಒಳಗೆ ಮಡಿಮೈಲಿಗೆಯೂ ಇತ್ತು, ಹೊರಗೆ ನಿಲ್ಲಬೇಕಾದವರ ನೋವೂ ಇತ್ತು.

1951ರಲ್ಲಿ ಸಹೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು ಯುರೋಪಿಗೆ ಹೋಗಿ ಬಂದರು. ಅಲ್ಲಿನ ಹೋಟೆಲ್‌ಗಳ ಶುಚಿತ್ವ ಅವರ ಮನಸ್ಸಿಗೆ ನಾಟಿತ್ತು. ವಾಪಸ್ ಬಂದವರು ಪಾತ್ರೆ, ಲೋಟ ತೊಳೆಯುವ ಕ್ರಮವನ್ನೇ ಬದಲಾಯಿಸಿದರು. ಗಿರಾಕಿಗಳು ಅಡುಗೆಮನೆ ನೋಡಲು ಅವಕಾಶ ಮಾಡಿಕೊಟ್ಟರು. ಇದು ನನಗೆ ತುಂಬಾ ದೊಡ್ಡ ಹೆಜ್ಜೆ ಅನ್ನಿಸುತ್ತದೆ. ಬೇಯಿಸುವವರ ಜಾತಿ ನೋಡುವ ಕಡೆಯಿಂದ ಬೇಯಿಸುವ ಜಾಗ ನೋಡುವ ಕಡೆಗೆ ನಂಬಿಕೆ ಹೊರಳಿತು.

ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋದದ್ದು ದರ್ಶಿನಿಗಳು. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ರೂಪಿಸಿದ ಕೆಫೆ ದರ್ಶಿನಿ ಶುರುವಾಯಿತು. ಟೋಕನ್ ತಗೊಂಡು, ನಿಂತು ತಿನ್ನುವ ವ್ಯವಸ್ಥೆ. ಕಾವಲಿ ಕಣ್ಣೆದುರಿಗೇ. ದೋಸೆ ಹುಯ್ಯುವವರ ಕೈ, ಹಿಟ್ಟಿನ ಪಾತ್ರೆ, ಒರೆಸುವ ಬಟ್ಟೆ ಎಲ್ಲ ಕಾಣುತ್ತದೆ. ಇಷ್ಟವಾಗದಿದ್ದರೆ ಪಕ್ಕದ ರಸ್ತೆಯಲ್ಲಿ ಇನ್ನೊಂದು ದರ್ಶಿನಿ. ಇಲ್ಲಿ ಇನ್ನೊಬ್ಬರ ಅಭಿಪ್ರಾಯದ ಅಗತ್ಯವೇ ಕಡಿಮೆ.

ಬಾಯಿಮಾತು ಅದರ ಪಾಡಿಗೆ ನಡೆದೇ ಇತ್ತು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಅಲ್ಲಿಯ ದೋಸೆಯ ಸುದ್ದಿ ಹಬ್ಬಿದ್ದು ಓದುವ ಹುಡುಗರಿಂದ, ಸುತ್ತಲಿನ ಮನೆಗಳವರಿಂದ, ಬಸವನಗುಡಿಯ ಸಾಹಿತಿಗಳಿಂದ. ಈ ಬಾಯಿಮಾತಿಗೆ ಒಂದು ಗಟ್ಟಿ ಗುಣವಿತ್ತು. ಹೇಳಿದವರು ನಮಗೆ ಗೊತ್ತಿರುತ್ತಿದ್ದರು. ಅವರಿಗೆ ಖಾರ ಜಾಸ್ತಿ ಬೇಕಾ, ಅವರು ದುಡ್ಡು ನೋಡುವವರಾ, ಸಿಕ್ಕಿದ್ದನ್ನೆಲ್ಲ ಹೊಗಳುವವರಾ ಎಲ್ಲ ಗೊತ್ತು. ತಿಂಡಿ ಕೆಟ್ಟದಾಗಿದ್ದರೆ ಮಾರನೇ ದಿನ ಹಾಲಿನ ಬೂತಿನ ಹತ್ತಿರ ಹಿಡಿದು ‘ಏನ್ರೀ, ಎಂಥಾ ಹೋಟೆಲ್ ಹೇಳಿದ್ರಿ’ ಅಂತ ಕೇಳಬಹುದಿತ್ತು.

ಹಾಗಂತ ಆಗ ಎಲ್ಲ ಶುದ್ಧವಾಗಿತ್ತು ಅಂತಲೂ ಹೇಳಲಾರೆ. ರಾತ್ರಿ ಬಸ್ಸಿನಲ್ಲಿ ಓಡಾಡಿದವರಿಗೆ ಗೊತ್ತು. ಹೆದ್ದಾರಿಯಲ್ಲಿ ಯಾವ ಹೋಟೆಲ್ ಮುಂದೆ ಬಸ್ ನಿಲ್ಲುತ್ತದೋ ಅಲ್ಲಿ ಡ್ರೈವರ್, ಕಂಡಕ್ಟರಿಗೆ ಊಟ ಪುಕ್ಕಟೆ. ಪ್ರಯಾಣಿಕರಿಗೆ ತಣ್ಣಗಿನ ಪೂರಿಗೆ ದುಬಾರಿ ರೇಟು. ಶಿಫಾರಸಿಗೆ ಕಮಿಷನ್ ಕೊಡುವ ಪದ್ಧತಿ ಇಂಟರ್ನೆಟ್ಟಿಗಿಂತ ಬಹಳ ಹಳೆಯದು. ಗಮನಿಸಬೇಕಾದ್ದು ಏನಂದರೆ, ಅದು ನಡೆಯುತ್ತಿದ್ದದ್ದು ಆ ದಾರಿಗೆ ಮತ್ತೆ ಬರದ ಗಿರಾಕಿಗಳ ಜೊತೆ. ಅದೇ ಬೀದಿಯ ಗಿರಾಕಿಯನ್ನು ಹಾಗೆ ಏಮಾರಿಸಿ ಬಹಳ ದಿನ ಬದುಕಲು ಆಗುತ್ತಿರಲಿಲ್ಲ. ಇಂಟರ್ನೆಟ್ ಬಂದ ಮೇಲೆ ನಾವೆಲ್ಲರೂ ನಮ್ಮ ಊರಿನಲ್ಲೇ ಆ ರಾತ್ರಿ ಬಸ್ಸಿನ ಪ್ರಯಾಣಿಕರಾದೆವು.

ಜನಸಾಮಾನ್ಯರ ಅಭಿಪ್ರಾಯ ಒಟ್ಟುಗೂಡಿಸಿ ಹೋಟೆಲ್‌ಗೆ ಅಂಕ ಕೊಡುವುದನ್ನು ದೊಡ್ಡದಾಗಿ ಮಾಡಿದವರು ನ್ಯೂಯಾರ್ಕಿನ ಟಿಮ್ ಮತ್ತು ನೀನಾ ಝಗಟ್ ದಂಪತಿ. 1979ರಲ್ಲಿ ಗೆಳೆಯರಿಂದ ಫಾರಂ ತುಂಬಿಸಿಕೊಂಡು ಶುರು ಮಾಡಿದ ಪಟ್ಟಿ ಅದು. ಟ್ರಿಪ್‌ಅಡ್ವೈಸರ್ 2000ದಲ್ಲಿ, ಯೆಲ್ಪ್ 2004ರಲ್ಲಿ ಇದನ್ನೇ ಇಂಟರ್ನೆಟ್ಟಿಗೆ ತಂದವು. ನಮ್ಮಲ್ಲಿ ಮುಂಬೈಯ ಬರ್ಪ್ 2006ರಲ್ಲಿ. ಎರಡು ವರ್ಷ ಬಿಟ್ಟು ದೆಹಲಿಯಲ್ಲಿ ದೀಪಿಂದರ್ ಗೋಯಲ್ ಮತ್ತು ಪಂಕಜ್ ಚಡ್ಡಾ ಫುಡೀಬೇ ಶುರು ಮಾಡಿದರು. ಆಫೀಸಿನವರು ಊಟಕ್ಕೆ ಮೆನು ಕಾರ್ಡ್ ಹುಡುಕಿ ಪರದಾಡುವುದನ್ನು ಕಂಡು, ಅವನ್ನು ಸ್ಕ್ಯಾನ್ ಮಾಡಿ ಹಾಕಿದ್ದೇ ಅದರ ಮೂಲ. 2010ರಲ್ಲಿ ಅದಕ್ಕೆ ಜೊಮ್ಯಾಟೊ ಅಂತ ಹೆಸರಾಯಿತು.

ಆ ಮೊದಲ ವರ್ಷಗಳ ರಿವ್ಯೂಗಳಲ್ಲಿ ಒಂದು ಪ್ರಾಮಾಣಿಕತೆ ಇತ್ತು ಅಂತ ನಾನು ನಂಬುತ್ತೇನೆ. ಬರೆಯುವವರು ಊಟದ ಹುಚ್ಚಿನವರು. ಯಾವ ಮಿಲಿಟರಿ ಹೋಟೆಲಿನ ಮುದ್ದೆ ಮೆತ್ತಗಿದೆ, ಎಲ್ಲಿ ಚಟ್ನಿ ನೀರಾಗಿದೆ ಅಂತ ಉದ್ದುದ್ದ ಬರೆಯುತ್ತಿದ್ದರು. ಅದರಿಂದ ಯಾರ ಗಲ್ಲಾಪೆಟ್ಟಿಗೆಯೂ ಅಷ್ಟಾಗಿ ತುಂಬುತ್ತಿರಲಿಲ್ಲ, ಖಾಲಿಯೂ ಆಗುತ್ತಿರಲಿಲ್ಲ. ಹಾಗಾಗಿ ಸುಳ್ಳು ಬರೆಸುವ ಆಸೆಯೂ ಕಡಿಮೆ.

ಈ ಲೆಕ್ಕ ಬದಲಾಗುತ್ತದೆ ಅನ್ನುವ ಸೂಚನೆ ಅಮೆರಿಕದಿಂದ ಮೊದಲೇ ಬಂದಿತ್ತು. ಹಾರ್ವರ್ಡ್‌ನ ಮೈಕೆಲ್ ಲೂಕಾ 2011ರಲ್ಲಿ ಸಿಯಾಟಲ್ ನಗರದ ಹೋಟೆಲ್‌ಗಳ ವ್ಯಾಪಾರವನ್ನೂ ಯೆಲ್ಪ್ ರೇಟಿಂಗನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಒಂದು ಸ್ಟಾರ್ ಏರಿದರೆ ವ್ಯಾಪಾರ ಶೇ. 5ರಿಂದ 9ರಷ್ಟು ಏರುತ್ತದೆ ಅನ್ನುವುದು ಅವರು ಕಂಡುಕೊಂಡ ವಿಷಯ. ದೊಡ್ಡ ಚೈನ್ ಹೋಟೆಲ್‌ಗಳಿಗೆ ಈ ಪರಿಣಾಮ ಕಾಣಲಿಲ್ಲ. ಅವುಗಳ ಹೆಸರು ಜನಕ್ಕೆ ಮೊದಲೇ ಗೊತ್ತಿತ್ತು. ಅವರೇ ಇನ್ನೊಬ್ಬರ ಜೊತೆ ಸೇರಿ ಬಾಸ್ಟನ್ ನಗರದ ರಿವ್ಯೂಗಳನ್ನು ಪರೀಕ್ಷಿಸಿದಾಗ ಸುಮಾರು ಶೇ. 16ನ್ನು ಯೆಲ್ಪ್ ಅನುಮಾನದ ಮೇಲೆ ಬದಿಗಿಟ್ಟಿದ್ದು ಗೊತ್ತಾಯಿತು. ರಿವ್ಯೂ ಕಡಿಮೆ ಇರುವ, ಇಲ್ಲವೇ ಈಚೆಗೆ ಕೆಟ್ಟ ಮಾತು ಕೇಳಿದ ಹೋಟೆಲ್‌ಗಳೇ ಹೆಚ್ಚಾಗಿ ಅಡ್ಡದಾರಿ ಹಿಡಿಯುತ್ತವೆ, ಹತ್ತಿರದಲ್ಲೇ ಪೈಪೋಟಿ ಎದ್ದಾಗ ಸುಳ್ಳು ಬೈಗುಳ ಹೆಚ್ಚುತ್ತದೆ ಅನ್ನುವುದೂ ಅಲ್ಲಿ ಕಂಡಿತು. ನಮ್ಮ ಊರಿಗೂ ಇದನ್ನು ಹೊಂದಿಸಿ ನೋಡಿ. ಎಂಟಿಆರ್‌ಗೆ ಯಾರೋ ಒಂದು ಸ್ಟಾರ್ ಕೊಟ್ಟರೆ ಅದರ ಕ್ಯೂ ಕರಗುವುದಿಲ್ಲ. ಸಾಲ ಮಾಡಿ ಹೋದ ತಿಂಗಳು ಹೋಟೆಲ್ ತೆರೆದವರಿಗೆ ಅದು ಬಾಡಿಗೆಯ ಪ್ರಶ್ನೆ.

ಬೆಂಗಳೂರಿನಲ್ಲಿ 2014ರಲ್ಲಿ ಸ್ವಿಗ್ಗಿ ಶುರುವಾಯಿತು. ಮರುವರ್ಷ ಜೊಮ್ಯಾಟೊ ಕೂಡ ಆರ್ಡರ್ ತಗೊಳ್ಳತೊಡಗಿತು. ರೇಟಿಂಗ್ ಮತ್ತು ಆರ್ಡರ್ ಬಟನ್ ಒಂದೇ ಪರದೆಯ ಮೇಲೆ ಬಂದದ್ದು ಆಗ. ರೇಟಿಂಗ್ ಕಡಿಮೆ ಇದ್ದವರು ಪಟ್ಟಿಯಲ್ಲಿ ಕೆಳಗೆ ಜಾರಿದರು. ಕೆಳಗಿರುವವರ ತನಕ ಹಸಿದವರ ಬೆರಳು ಹೋಗುವುದಿಲ್ಲ. 4.3 ಮತ್ತು 3.7ರ ನಡುವಿನ ಅಂತರ ಅಡುಗೆಯ ರುಚಿಯನ್ನು ದಾಟಿ ಅಡುಗೆಯವರ ಸಂಬಳದ ತನಕ ಹೋಯಿತು. ಅಷ್ಟು ಬೆಲೆ ಬಂದ ಮೇಲೆ ಅದನ್ನು ಮಾರುವವರು ಬಾರದೆ ಇರುತ್ತಾರಾ?

ಲಂಡನ್ನಿನಲ್ಲಿ ಊಬಾ ಬಟ್ಲರ್ ಅನ್ನುವ ಬರಹಗಾರ ಮೊದಲು ಹತ್ತು ಪೌಂಡಿಗೊಂದರಂತೆ ಸುಳ್ಳು ರಿವ್ಯೂ ಬರೆದುಕೊಟ್ಟವರು. 2017ರಲ್ಲಿ ಅವರು ತಮ್ಮ ಮನೆಯ ಹಿತ್ತಲಿನ ಶೆಡ್ಡನ್ನೇ ‘ದಿ ಶೆಡ್ ಅಟ್ ಡಲ್ವಿಚ್’ ಅಂತ ಟ್ರಿಪ್‌ಅಡ್ವೈಸರ್‌ನಲ್ಲಿ ಹೋಟೆಲ್ ಆಗಿ ನೋಂದಾಯಿಸಿದರು. ಶೇವಿಂಗ್ ಕ್ರೀಮಿನಂಥ ವಸ್ತುಗಳಿಂದ ‘ತಿನಿಸು’ ಮಾಡಿ ಫೋಟೊ ಹಾಕಿದರು. ಗೆಳೆಯರಿಂದ ರಿವ್ಯೂ ಬರೆಸಿದರು. ಟೇಬಲ್ ಕೇಳಿ ಫೋನ್ ಬಂದರೆ ‘ಖಾಲಿ ಇಲ್ಲ’ ಅನ್ನುತ್ತಿದ್ದರು. ಆ ನವೆಂಬರಿನಲ್ಲಿ ಒಂದು ಪ್ಲೇಟೂ ಬಡಿಸದ ಆ ಶೆಡ್ ಲಂಡನ್ನಿನ ನಂಬರ್ ಒನ್ ಹೋಟೆಲ್ ಆಯಿತು. ಮರುವರ್ಷ ಇಟಲಿಯ ಲೆಚ್ಚೆ ಪಟ್ಟಣದ ಕೋರ್ಟು, ಹೋಟೆಲ್‌ಗಳಿಗೆ ಸುಳ್ಳು ರಿವ್ಯೂ ಮಾರುತ್ತಿದ್ದ ಕಂಪನಿಯ ಮಾಲೀಕನಿಗೆ ಒಂಬತ್ತು ತಿಂಗಳ ಜೈಲು ಶಿಕ್ಷೆ ಕೊಟ್ಟಿತು.

ನಮ್ಮಲ್ಲಿ ಇದು ಇಷ್ಟು ನಾಟಕೀಯವಾಗಿ ನಡೆಯುವುದಿಲ್ಲ. ಬಿಲ್ ಜೊತೆಗೆ ಕ್ಯೂಆರ್ ಕೋಡ್ ಬರುತ್ತದೆ. ‘ಸರ್, ಒಂದು ಫೈವ್ ಸ್ಟಾರ್ ಹಾಕಿ’ ಅಂತ ಹುಡುಗ ನಿಂತೇ ಇರುತ್ತಾನೆ. ಹಾಕಿದರೆ ಒಂದು ಐಸ್‌ಕ್ರೀಂ ಫ್ರೀ ಅನ್ನುವವರೂ ಇದ್ದಾರೆ. ಹೀಗೆ ಆಮಿಷ ಒಡ್ಡಿ ರಿವ್ಯೂ ಬರೆಸುವುದು ಗೂಗಲ್ ನಿಯಮಕ್ಕೇ ವಿರುದ್ಧ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ತನ್ನ ಹೆಸರಿರುವ ರಿವ್ಯೂ ಇಷ್ಟು ಬರಬೇಕು ಅಂತ ಮೇಲಿನವರು ಹೇಳಿರುತ್ತಾರೆ. ಹಾಗಾಗಿಯೇ ಕೆಲವು ಹೋಟೆಲ್‌ಗಳ ರಿವ್ಯೂಗಳಲ್ಲಿ ತಿಂದ ತಿಂಡಿಯ ಹೆಸರು ಇರುವುದಿಲ್ಲ, ಬಡಿಸಿದ ಹುಡುಗರ ಹೆಸರು ಮಾತ್ರ ಮತ್ತೆ ಮತ್ತೆ ಬರುತ್ತದೆ. ಅಂಥ ಕಡೆ ನಾನು ಸ್ಟಾರ್ ಲೆಕ್ಕಕ್ಕೇ ಹಿಡಿಯುವುದಿಲ್ಲ.

ರೀಲ್ಸ್ ಬಂದ ಮೇಲೆ ಇನ್ನೊಂದು ಪದರ ಸೇರಿದೆ. ತುಪ್ಪ ಸುರಿಯುವುದನ್ನು ಹತ್ತಿರದಿಂದ ತೋರಿಸಿ ‘ಬೆಂಗಳೂರಿನ ಬೆಸ್ಟ್’ ಅನ್ನುವವರಲ್ಲಿ ಎಷ್ಟೋ ಜನ ದುಡ್ಡು ಇಲ್ಲವೇ ಪುಕ್ಕಟೆ ಊಟ ಪಡೆದಿರುತ್ತಾರೆ. ಹಾಗೆ ಪಡೆದಿದ್ದರೆ ಅದನ್ನು ಜಾಹೀರಾತು ಅಂತ ತೋರಿಸಲೇಬೇಕು ಅಂತ ಜಾಹೀರಾತು ಉದ್ಯಮದ ಸಂಸ್ಥೆ ಎಎಸ್‌ಸಿಐ 2021ರಲ್ಲೇ ಹೇಳಿದೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರವೂ ಅದನ್ನೇ ಹೇಳಿತು. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿ ತನಕ, ಮತ್ತೆ ಮಾಡಿದರೆ 50 ಲಕ್ಷದ ತನಕ ದಂಡ ಹಾಕಲು 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಜಾಗವಿದೆ.

ಹಾಗಾದರೆ ಕೆಟ್ಟ ರಿವ್ಯೂಗಳನ್ನಾದರೂ ನಂಬಬಹುದಾ? ಅವುಗಳಲ್ಲೂ ಕಲಬೆರಕೆ ಇದೆ. ಒಂದು ವಿಡಿಯೊ ವೈರಲ್ ಆದರೆ ಸಾಕು, ಆ ಹೋಟೆಲ್ ಇರುವ ಊರಿಗೇ ಬಾರದವರು ಒಂದೊಂದು ಸ್ಟಾರ್ ಒತ್ತುತ್ತಾರೆ. ಭಾಷೆಯ ಜಗಳ, ರಾಜಕೀಯದ ಸಿಟ್ಟು ಎಲ್ಲ ಇಡ್ಲಿ ವಡೆಯ ರೇಟಿಂಗ್ ಮೇಲೆ ಬೀಳುತ್ತದೆ. ಸಾಲದು ಅಂತ, ರಾಶಿ ರಾಶಿ ಒಂದು ಸ್ಟಾರ್ ಹಾಕಿ, ತೆಗೆಯಬೇಕಾದರೆ ದುಡ್ಡು ಕೊಡಿ ಅಂತ ಬೆದರಿಸುವವರೂ ಹುಟ್ಟಿಕೊಂಡಿದ್ದಾರೆ. 2023ರಲ್ಲಿ ತಾನು ತಡೆದ ಮತ್ತು ತೆಗೆದುಹಾಕಿದ ರಿವ್ಯೂಗಳು 17 ಕೋಟಿಗೂ ಹೆಚ್ಚು ಅಂತ ಗೂಗಲ್ಲೇ ಹೇಳಿಕೊಂಡಿದೆ. ಬಲೆಗೆ ಬಿದ್ದದ್ದೇ ಇಷ್ಟು.

ಸರ್ಕಾರ ಸುಮ್ನೆ ಕೂತಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿಗಳು ಗ್ರಾಹಕರ ಸೋಗಿನಲ್ಲಿ ರಿವ್ಯೂ ಬರೆಯುವ ಹಾಗಿಲ್ಲ. 2022ರ ನವೆಂಬರಿನಲ್ಲಿ ಸರಕಿನ ಗುಣಮಟ್ಟ ಗೊತ್ತುಮಾಡುವ ಕೇಂದ್ರದ ಸಂಸ್ಥೆ ಬಿಐಎಸ್ ಆನ್‌ಲೈನ್ ರಿವ್ಯೂಗಳಿಗೇ ಐಎಸ್ 19000 ಅನ್ನುವ ಮಾನದಂಡ ತಂದಿತು. ಬರೆದವರು ನಿಜವಾದ ಮನುಷ್ಯರೇ ಅಂತ ಪರಿಶೀಲಿಸಬೇಕು, ದುಡ್ಡು ಕೊಟ್ಟು ಬರೆಸಿದ್ದನ್ನು ಹಾಕಬಾರದು ಅಂತೆಲ್ಲ ಅದರಲ್ಲಿದೆ. ಆದರೆ ಅದನ್ನು ಪಾಲಿಸುವುದು ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದಾಗಿ ಬಂತು. ಇಷ್ಟು ಜನರ ಹೊಟ್ಟೆಪಾಡು ತೂಗುವ ತಕ್ಕಡಿಯನ್ನು ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು ಸರಿಯಲ್ಲ. ಅಂಗಡಿಯ ತೂಕದ ಕಲ್ಲಿಗೆ ಸರ್ಕಾರದ ಮುದ್ರೆ ಕಡ್ಡಾಯ, ಅಲ್ವಾ? ಅಮೆರಿಕದಲ್ಲಿ 2024ರ ಅಕ್ಟೋಬರಿನಿಂದ ಸುಳ್ಳು ರಿವ್ಯೂ ಮಾರುವುದು, ಕೊಳ್ಳುವುದು ಎರಡಕ್ಕೂ ದಂಡ ಹಾಕುವ ನಿಯಮ ಜಾರಿಯಾಗಿದೆ.

ಎಲ್ಲ ರಿವ್ಯೂಗಳೂ ಸತ್ಯವೇ ಅಂದುಕೊಂಡರೂ ಒಂದು ತೊಡಕು ಉಳಿಯುತ್ತದೆ. ಆ ಅಂಕಿ ಯಾವುದರದ್ದು? ಮಸಾಲೆದೋಸೆ ಡಬ್ಬಿಯಲ್ಲಿ ಕೂತು ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಮನೆಗೆ ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಅದಕ್ಕೆ ಬಿದ್ದ ಎರಡು ಸ್ಟಾರ್ ಕಾವಲಿಯ ಮುಂದೆ ನಿಂತು ತಿನ್ನುವವರಿಗೆ ಏನೂ ಹೇಳುವುದಿಲ್ಲ. ಹಾಗಾಗಿಯೇ ಜೊಮ್ಯಾಟೊ ಡೆಲಿವರಿಗೆ ಬೇರೆ, ಕೂತು ತಿನ್ನುವುದಕ್ಕೆ ಬೇರೆ ರೇಟಿಂಗ್ ಇಟ್ಟಿತು. ನೋಡುವಾಗ ಯಾವುದನ್ನು ನೋಡುತ್ತಿದ್ದೇವೆ ಅಂತ ಗಮನಿಸಬೇಕು. ಕೂರುವ ಜಾಗವಿಲ್ಲದೆ ಬರೀ ಡೆಲಿವರಿಗೆ ಬೇಯಿಸುವ ಕ್ಲೌಡ್ ಕಿಚನ್‌ಗಳದ್ದು ಇನ್ನೊಂದು ಕಥೆ. ಒಂದೇ ಅಡುಗೆಮನೆ ಬಿರಿಯಾನಿಗೆ ಒಂದು ಹೆಸರು, ಪರೋಟಕ್ಕೆ ಇನ್ನೊಂದು ಹೆಸರು ಇಟ್ಟುಕೊಂಡಿರುತ್ತದೆ. ಒಂದು ಹೆಸರು ಕೆಟ್ಟರೆ ಹೊಸ ಹೆಸರಿನಲ್ಲಿ ಸ್ಟಾರ್ ಎಣಿಕೆ ಮೊದಲಿನಿಂದ ಶುರು. ಆ್ಯಪ್‌ನಲ್ಲಿ ಕೆಳಗೆ ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಮತ್ತು ವಿಳಾಸ ಇರುತ್ತದೆ. ಎರಡು ಹೆಸರಿಗೂ ಅವು ಒಂದೇ ಆಗಿದ್ದರೆ ಅಡುಗೆಮನೆಯೂ ಒಂದೇ.

ಮೈಸೂರಿನ ನಜರ್‌ಬಾದಿನಲ್ಲಿ ಮೈಲಾರಿ ಅನ್ನುವ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಹೋಟೆಲ್‌ಗಳಿವೆ, ನಾವೇ ಒರಿಜಿನಲ್ ಅನ್ನುವ ಮಾತೂ ಇದೆ. ಇಂಥ ಕಡೆ ಬಂದವರು ಒಂದರಲ್ಲಿ ತಿಂದು ಇನ್ನೊಂದಕ್ಕೆ ಸ್ಟಾರ್ ಕೊಡುವುದು ಸುಲಭ. ನಾನಾದರೆ ಹೊಸ ರಿವ್ಯೂಗಳನ್ನು ಮೇಲೆ ತಂದುಕೊಂಡು, ಎರಡು ಮೂರು ಸ್ಟಾರ್ ಕೊಟ್ಟವರ ಮಾತನ್ನೇ ಮೊದಲು ಓದುತ್ತೇನೆ. ದುಡ್ಡು ಕೊಟ್ಟು ಯಾರೂ ಮೂರು ಸ್ಟಾರ್ ಬರೆಸುವುದಿಲ್ಲ. ‘ಸಾಗು ಚೆನ್ನಾಗಿತ್ತು, ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಕಾದೆವು, ಪಾರ್ಕಿಂಗ್ ಇಲ್ಲ’ ಅಂತ ಬರೆದವರು ಅಲ್ಲಿಗೆ ಹೋಗಿಯೇ ಬಂದಿರುತ್ತಾರೆ. ಗಿರಾಕಿಗಳು ಹಾಕಿದ ಫೋಟೊಗಳಲ್ಲಿ ತಟ್ಟೆ, ನೆಲ, ಗೋಡೆಯ ಮೇಲಿನ ರೇಟ್ ಬೋರ್ಡ್ ಕಾಣುತ್ತದೆ. ಜಾಗ ಗೊತ್ತಿಲ್ಲದ ಊರಾದರೆ ಇಷ್ಟು ನೋಡಿಕೊಂಡು, ಆಮೇಲೆ ಅಲ್ಲಿಯ ಮೆಡಿಕಲ್ ಶಾಪಿನವರನ್ನೋ ಆಟೊದವರನ್ನೋ ‘ನೀವು ಎಲ್ಲಿ ತಿಂತೀರಿ?’ ಅಂತ ಕೇಳುವುದು ಒಳ್ಳೆಯದು. ‘ಒಳ್ಳೇ ಹೋಟೆಲ್ ಯಾವುದು?’ ಅಂತ ಕೇಳಿದರೆ ಅವರು ಎಸಿ ಇರುವ ಕಡೆ ಕಳಿಸುತ್ತಾರೆ.

ನನ್ನನ್ನು ಹೆಚ್ಚು ಕಾಡುವುದು ರಿವ್ಯೂ ಇಲ್ಲದವರ ಪಾಡು. ಉತ್ತರ ಕರ್ನಾಟಕದ ಊರೂರಲ್ಲಿ ಖಾನಾವಳಿಗಳಿವೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ. ದಿನಾ ಉಣ್ಣುವವರು ಯಾರೂ ಸ್ಟಾರ್ ಹಾಕುವುದಿಲ್ಲ. ಅವರಿಗೆ ಅದರ ಅಗತ್ಯವೇ ಇಲ್ಲ. ದಾರಿಯಲ್ಲಿ ಹೋಗುವವರು ಯಾರೋ ಬಂದು ‘ನಾನ್, ಪನೀರ್ ಸಿಗಲಿಲ್ಲ’ ಅಂತ ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ. ರೊಟ್ಟಿ ಬಡಿಯುವ ಅಕ್ಕನಿಗೆ ಅದು ಗೊತ್ತೂ ಇರುವುದಿಲ್ಲ. ಮುಂದಿನ ಕಾರು ಅದನ್ನು ನೋಡಿ ಮುಂದಕ್ಕೆ ಹೋಗುತ್ತದೆ. ಅಂಥ ಕಡೆ ಹೊಟ್ಟೆ ತುಂಬಾ ಉಂಡವರು ನಾಲ್ಕು ಸಾಲು ಬರೆಯಬೇಕು, ಅದೂ ಕನ್ನಡದಲ್ಲಿ. ಏನು ತಿಂದಿರಿ, ಎಷ್ಟು ಹೊತ್ತಿಗೆ ಹೋಗಿದ್ದಿರಿ, ಎಷ್ಟು ರೂಪಾಯಿ ಆಯಿತು, ಯಾವ ವಾರ ರಜೆ. ಉಪ್ಪು ಹೆಚ್ಚಾಗಿದ್ದರೆ ಅದನ್ನೂ ಬರೆಯಿರಿ. ಕನ್ನಡದಲ್ಲಿದ್ದರೆ ಆ ಅಕ್ಕನ ಮಕ್ಕಳಾದರೂ ಅದನ್ನು ಅವರಿಗೆ ಓದಿ ಹೇಳಬಹುದು.