ಜೋರಾಗಿ ತಿರುಗಿಸಿದರೆ ಗುರುತ್ವ ಓಡಿಹೋಗುವುದಿಲ್ಲ

ಮೊಳಕೆಯ ತಟ್ಟೆಯನ್ನು ಮೆಲ್ಲಗೆ ತಿರುಗಿಸುತ್ತಾ, ಬೇರಿಗೆ ಕೆಳಗು ಯಾವುದೆಂದು ತಿಳಿಯದಂತೆ ಮಾಡುವ ಯಂತ್ರ ಕ್ಲಿನೋಸ್ಟಾಟ್. ಅದನ್ನು ಕಟ್ಟಿದ ಹುಡುಗರು ಮೊದಲು ಕೈಹಾಕುವುದು ವೇಗದ ಗುಂಡಿಗೆ. ಜೋರಾಗಿ ತಿರುಗಿದಷ್ಟೂ ಗುರುತ್ವ ಕಡಿಮೆಯಂತೆ! ಕೆಲವು ಮೇಷ್ಟರೂ ಹಾಗೇ ನಂಬಿದ್ದಾರೆ.

ಈ ಯಂತ್ರ ಗುರುತ್ವವನ್ನು ಎಳ್ಳಷ್ಟೂ ಕಡಿಮೆ ಮಾಡುವುದಿಲ್ಲ. ಬೇರಿನ ತುದಿಯ ಕೋಶಗಳಲ್ಲಿ ಪಿಷ್ಟದ ಕಣಗಳಿವೆ. ಅವು ತಳಕ್ಕೆ ಕೂತಾಗ ಬೇರಿಗೆ ಕೆಳಗು ಯಾವುದೆಂದು ತಿಳಿಯುತ್ತದೆ. ಮಲಗಿಸಿದ ಅಕ್ಷದ ಮೇಲೆ ತಟ್ಟೆ ತಿರುಗುತ್ತಿದ್ದರೆ ಕಣ ಕೂರುವ ಮೊದಲೇ ಕೆಳಗು ಬೇರೆ ಕಡೆಗೆ ಹೋಗಿರುತ್ತದೆ. ಅಷ್ಟೇ.

ಲೆಕ್ಕ ಹಾಕಿ. ನಿಮಿಷಕ್ಕೆ 2 ಸುತ್ತು, ಮೊಳಕೆ ನಡುವಿನಿಂದ 4 ಸೆಂ.ಮೀ. ದೂರ: ಹೊರಕ್ಕೆ ತಳ್ಳುವ ಬಲ ಭೂಗುರುತ್ವದ 0.00018ರಷ್ಟು. ಅದೇ 60 ಸುತ್ತಿಗೆ ಏರಿಸಿ: 0.16. ಸುತ್ತು 30 ಪಟ್ಟು, ತಳ್ಳು 900 ಪಟ್ಟು, ಏಕೆಂದರೆ ಇಲ್ಲಿ ನಡೆಯುವುದು ವೇಗದ ವರ್ಗ. ನೀವು ಗುರುತ್ವ ಕಳೆಯಲಿಲ್ಲ, ಹೊಸದೊಂದನ್ನು ಸೇರಿಸಿದಿರಿ. ಇಂಗ್ಲೆಂಡಿನ ಸಸ್ಯವಿಜ್ಞಾನಿ ಥಾಮಸ್ ಆಂಡ್ರ್ಯೂ ನೈಟ್ 1806ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೀರಿನ ಚಕ್ರಕ್ಕೆ ಕಾಳು ಕಟ್ಟಿ ತಿರುಗಿಸಿದಾಗ ಬೇರುಗಳು ಹೊರಕ್ಕೇ ಬೆಳೆದವು; ಅವನಿಗೆ ಬೇಕಾಗಿದ್ದೂ ಅದೇ. ನಿಮಗೆ ಬೇಕಾಗಿರುವುದು ಅದಲ್ಲವಲ್ಲ.

ವೇಗಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವವರು ರಸಮಟ್ಟ ಇಡುವುದೇ ಇಲ್ಲ. ಅಕ್ಷ ಒಂದು ಡಿಗ್ರಿ ವಾಲಿದರೆ ಅದರ ಉದ್ದಕ್ಕೂ 0.017ರಷ್ಟು ಗುರುತ್ವ ಬಿಡದೆ ಎಳೆಯುತ್ತದೆ, ಮೇಲಿನ 0.00018ರ ಸುಮಾರು ನೂರು ಪಟ್ಟು. ನಮ್ಮ ಮಳೆಗಾಲದಲ್ಲಿ ಯಂತ್ರದಡಿಯ ಪ್ಲೈವುಡ್ ತೇವ ಕುಡಿದು ಸೊಟ್ಟಗಾಗುತ್ತದೆ. ಜೂನ್‌ನಲ್ಲಿ ಮಟ್ಟವಾಗಿದ್ದ ಅಕ್ಷ ಆಗಸ್ಟ್‌ನಲ್ಲೂ ಮಟ್ಟವಾಗಿರುತ್ತದೆಂದು ನಂಬಬೇಡಿ. ಅಡುಗೆಕಟ್ಟೆ ಕಟ್ಟಿ ಉಳಿದ ಕಡಪ ಕಲ್ಲಿನ ತುಂಡಿನ ಮೇಲೆ ಯಂತ್ರವನ್ನು ಕೂರಿಸಿ.

ಇನ್ನೊಂದು, ತೂಕ. ತಟ್ಟೆ ಒಂದು ಬದಿಗೆ ಭಾರವಾದರೆ ಇಳಿಯುವಾಗ ಓಡುತ್ತದೆ, ಏರುವಾಗ ತಡೆಯುತ್ತದೆ. ಮೊಳಕೆ ಒಂದು ಮಗ್ಗುಲಲ್ಲೇ ಹೆಚ್ಚು ಹೊತ್ತು ಕಳೆದು, ಬೇರು ಆ ಲೆಕ್ಕಕ್ಕೇ ಬಾಗುತ್ತದೆ. ಮೋಟಾರ್ ಬಿಚ್ಚಿ, ತಟ್ಟೆಯನ್ನು ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವವರೆಗೆ ಹಗುರ ಬದಿಗೆ ಜೇಡಿಮಣ್ಣಿನ ಚೂರು ಅಂಟಿಸಿ.

ಮೋಟಾರ್ 12 ವೋಲ್ಟಿನ, ನಿಮಿಷಕ್ಕೆ 2 ಸುತ್ತಿನ ಗೇರ್ ಮೋಟಾರ್ ಸಾಕು. ಹಳೆ ಮೈಕ್ರೋವೇವ್ ಓವನ್ನಿನ ತಟ್ಟೆ ಮೋಟಾರ್ ಅಗ್ಗಕ್ಕೆ ಸಿಗುತ್ತದೆ, ಆದರೆ ಪ್ರತಿ ಸಲ ಯಾವ ಕಡೆಗೆ ತಿರುಗುತ್ತದೋ ಹೇಳಲಾಗದು. ಒದ್ದೆ ಕೈಯ ಪ್ರಯೋಗಾಲಯದಲ್ಲಿ 220 ವೋಲ್ಟ್ ನನಗಂತೂ ಬೇಡ. ಕರೆಂಟ್ ಹೋಗಿ ಕೆಲವೇ ನಿಮಿಷ ನಿಂತರೂ ಬೇರು ಕೆಳಗನ್ನು ಗುರುತಿಸಿಬಿಡಬಹುದು. ಹಾಗಾಗಿ ಮೊದಲಿನಿಂದಲೇ ಬ್ಯಾಟರಿಯ ಮೇಲೆ ಓಡಿಸಿ.

ತಟ್ಟೆಗೆ ಸಾಸಿವೆ, ನೂರು ಮಿಲಿಲೀಟರ್ ನೀರಿಗೆ ಒಂದು ಗ್ರಾಂ ಅಗರ್ (ನೀರನ್ನು ಜೆಲ್ಲಿಯಂತೆ ಗಟ್ಟಿಯಾಗಿಸುವ ಪುಡಿ); ತಿರುಗಿಸುವುದು 48 ಗಂಟೆ. ಬೂಷ್ಟು ಬಂದ ತಟ್ಟೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹೋಲಿಕೆಗೆ ಎರಡು ತಟ್ಟೆ ಬೇಕು: ಒಂದು ತಿರುಗಿಸದೆ ಸುಮ್ಮನೆ ಇಟ್ಟದ್ದು, ಇನ್ನೊಂದು ಇಂಥದೇ ಮೋಟಾರನ್ನು ನೆಟ್ಟಗೆ ನಿಲ್ಲಿಸಿ, ಎಲ್ (L) ಆಕಾರದ ಪಟ್ಟಿಯಲ್ಲಿ ತಟ್ಟೆಯನ್ನೂ ನೆಟ್ಟಗೇ ಕಟ್ಟಿ ತಿರುಗಿಸಿದ್ದು. ಈ ಎರಡನೆಯದಿಲ್ಲದೆ ಬಾಗಿದ್ದಕ್ಕೆ ಕಾರಣ ದಿಕ್ಕೋ ಮೋಟಾರಿನ ನಡುಕವೋ ಹೇಳಲು ಬರುವುದಿಲ್ಲ. ವರದಿಯಲ್ಲೂ ‘ಶೂನ್ಯ ಗುರುತ್ವ’ ಎಂದು ಬರೆಯದೆ ಸುತ್ತಿನ ವೇಗ, ದೂರ, ಅಕ್ಷದ ವಾಲು, ಈ ಮೂರನ್ನು ಬರೆಯಿರಿ.