ಸಸ್ಯಕೋಶದ ನಡುವಿನ ನೀರು

ಪಠ್ಯಪುಸ್ತಕದ ಚಿತ್ರಗಳಲ್ಲಿ ಸಸ್ಯಕೋಶದ ನಡುವೆ ದೊಡ್ಡದೊಂದು ಖಾಲಿ ಜಾಗವಿರುತ್ತದೆ. ಅದಕ್ಕೊಂದು ಗೆರೆ ಎಳೆದು ‘ರಸದಾನಿ’ ಎಂದು ಬರೆದಿರುತ್ತಾರೆ. ಕೋಶಕೇಂದ್ರಕ್ಕೂ ಕ್ಲೋರೋಪ್ಲಾಸ್ಟ್‌ಗೂ ಸಿಗುವ ಗಮನ ಅದಕ್ಕೆ ಸಿಗುವುದಿಲ್ಲ. ಆದರೆ ಬಲಿತ ಸಸ್ಯಕೋಶದ ಗಾತ್ರದಲ್ಲಿ ಅನೇಕ ಸಲ ಶೇಕಡ 80ರಿಂದ 90ರಷ್ಟು ಭಾಗ ಈ ರಸದಾನಿಯದೇ. ಸಸ್ಯಕೋಶಕ್ಕೂ ಪ್ರಾಣಿಕೋಶಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿಂದಲೇ ಅರಿಯಲು ತೊಡಗುವುದು ಸೂಕ್ತವೆಂದು ನನ್ನ ಭಾವನೆ.

ಎರಡೂ ಕೋಶಗಳಲ್ಲಿ ಸಮಾನವಾದುದೇ ಹೆಚ್ಚು. ಹೊರಗಿನಿಂದ ಬರುವುದನ್ನೂ ಒಳಗಿನಿಂದ ಹೋಗುವುದನ್ನೂ ನಿಯಂತ್ರಿಸುವ ಕೋಶಪೊರೆ, ಡಿಎನ್‌ಎಯನ್ನು ಕಾಪಾಡುವ ಕೋಶಕೇಂದ್ರ, ಪ್ರೋಟೀನು ತಯಾರಿಸುವ ರೈಬೋಸೋಮ್, ಅದನ್ನು ಸಂಸ್ಕರಿಸಿ ಸಾಗಿಸುವ ಗಾಲ್ಜಿ ಸಂಕೀರ್ಣ ಎರಡರಲ್ಲೂ ಇವೆ. ಮೈಟೋಕಾಂಡ್ರಿಯಾ ಪ್ರಾಣಿಗಳಲ್ಲಿ ಮಾತ್ರ ಇರುತ್ತದೆಂದು ಕೆಲವರು ತಿಳಿದಿರುವುದುಂಟು; ಅದು ಸರಿಯಲ್ಲ. ಕ್ಲೋರೋಪ್ಲಾಸ್ಟ್ ಬೆಳಕಿನ ನೆರವಿನಿಂದ ಸಕ್ಕರೆಯನ್ನು ತಯಾರಿಸಿದರೆ, ಆ ಸಕ್ಕರೆಯಿಂದ ಶಕ್ತಿಯನ್ನು ಬಿಡಿಸಿಕೊಳ್ಳಲು ಗಿಡಕ್ಕೂ ಮೈಟೋಕಾಂಡ್ರಿಯಾ ಬೇಕು. ಬೆಳಕನ್ನೇ ಕಾಣದ ಬೇರು ಬದುಕಿರುವುದು ಹೀಗೆಯೇ.

ರಸದಾನಿಯೊಳಗಿನ ನೀರಿನಲ್ಲಿ ಲವಣ, ಸಕ್ಕರೆ, ಆಮ್ಲಗಳು ಕರಗಿರುತ್ತವೆ. ಹೊರಗಿನ ದ್ರವ ಇದಕ್ಕಿಂತ ತೆಳುವಾಗಿದ್ದರೆ ಅಭಿಸರಣೆಯಿಂದ (ತೆಳು ದ್ರವದ ನೀರು ಪೊರೆಯನ್ನು ದಾಟಿ ಗಾಢ ದ್ರವದತ್ತ ಸರಿಯುವುದರಿಂದ) ನೀರು ಒಳಸೇರುತ್ತದೆ, ರಸದಾನಿ ಉಬ್ಬಿ ತನ್ನ ಸುತ್ತಲಿನ ಲೋಳೆಯಂಥ ಕೋಶದ್ರವ್ಯವನ್ನು ಹೊರಕ್ಕೆ ಒತ್ತುತ್ತದೆ, ಸೆಲ್ಯುಲೋಸ್ ಎಳೆಗಳಿಂದಾದ ಕೋಶಭಿತ್ತಿ ಆ ಒತ್ತಡವನ್ನು ತಡೆದು ನಿಲ್ಲಿಸುತ್ತದೆ. ಈ ಒತ್ತಡ ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡಕ್ಕಿಂತ ಎಷ್ಟೋ ಸಲ ಹೆಚ್ಚಾಗಿರುತ್ತದೆ. ಮರದಂತೆ ಗಟ್ಟಿಯಾಗದ ಎಳೆಯ ಕಾಂಡ, ಸೊಪ್ಪು, ಹೂವಿನ ದಳ ನೆಟ್ಟಗೆ ನಿಲ್ಲುವುದು ಬಹುಮಟ್ಟಿಗೆ ಇದರ ಬಲದಿಂದ. ಹೆಚ್ಚಿದ ಸೌತೆಕಾಯಿಗೆ ಉಪ್ಪು ಬೆರೆಸಿದರೆ ನೀರು ಬಿಟ್ಟುಕೊಂಡು ಹೋಳುಗಳು ಮೆತ್ತಗಾಗುತ್ತವೆ. ರಸದಾನಿಯ ನೀರು ಹೊರಬಂದು ಒತ್ತಡ ಇಳಿದುದರ ಫಲ ಅದು. ಮುಟ್ಟಿದರೆ ಮುನಿ ಗಿಡವಂತೂ ಈ ಒತ್ತಡವನ್ನೇ ಚಲನೆಗೆ ಬಳಸಿಕೊಂಡಿದೆ: ಎಲೆಯ ಬುಡದ ಉಬ್ಬಿನಲ್ಲಿ ಒಂದು ಪಕ್ಕದ ಕೋಶಗಳು ಪೊಟ್ಯಾಸಿಯಂ ಅಯಾನುಗಳನ್ನೂ ಅವುಗಳ ಹಿಂದೆಯೇ ನೀರನ್ನೂ ಥಟ್ಟನೆ ಹೊರಬಿಡುತ್ತವೆ, ಎಲೆ ಮಡಿಚಿಕೊಳ್ಳುತ್ತದೆ. ಸ್ನಾಯುವೇ ಇಲ್ಲದ ಜೀವಿಯೊಂದು ಹೀಗೆ ಚಲಿಸುವುದು ಎಷ್ಟು ಸಲ ನೋಡಿದರೂ ನನಗೆ ವಿಸ್ಮಯವೇ.

ಬದನೆಯ ಸಿಪ್ಪೆಯ ನೇರಳೆ, ಬೀಟ್‌ರೂಟಿನ ಕೆಂಪು, ನಿಂಬೆಯ ಹುಳಿ ಇವೆಲ್ಲ ಶೇಖರವಾಗಿರುವುದೂ ರಸದಾನಿಯಲ್ಲಿಯೇ. ಅದಕ್ಕಿಂತ ಮುಖ್ಯವಾದದ್ದು ಬೆಳವಣಿಗೆ. ಪ್ರೋಟೀನಿನಿಂದ ತುಂಬಿದ ಕೋಶದ್ರವ್ಯವನ್ನು ತಯಾರಿಸಲು ಬಹಳ ಶಕ್ತಿ ಬೇಕು, ಸಾರಜನಕವೂ ಬೇಕು; ಗಿಡವಾದರೋ ಎಳೆಯ ಕೋಶದ ಭಿತ್ತಿಯನ್ನು ಸಡಿಲಿಸಿ, ಮುಖ್ಯವಾಗಿ ನೀರನ್ನೇ ತುಂಬಿಕೊಂಡು ಹಿಗ್ಗುತ್ತದೆ. ಬೆಳಕಿಗಾಗಿ ಅಗಲವಾದ ಎಲೆಗಳನ್ನು ಹರಡಬೇಕಾದ ಜೀವಿಗೆ ಇದು ಬಹಳ ಮಿತವ್ಯಯದ ದಾರಿ.

ಪ್ರಾಣಿಕೋಶಕ್ಕೆ ಭಿತ್ತಿಯಿಲ್ಲ. ಆದ್ದರಿಂದಲೇ ಬಿಳಿ ರಕ್ತಕಣ ಆಕಾರ ಬದಲಿಸುತ್ತಾ ಸರಿದು ಬ್ಯಾಕ್ಟೀರಿಯಾವನ್ನು ನುಂಗಬಲ್ಲದು, ಸ್ನಾಯುಕೋಶ ಸಂಕುಚಿಸಬಲ್ಲದು. ಆದರೆ ಬರಿಯ ನೀರಿನಲ್ಲಿಟ್ಟ ಕೆಂಪು ರಕ್ತಕಣ ಉಬ್ಬಿ ಒಡೆದುಹೋಗುತ್ತದೆ. ಈರುಳ್ಳಿಯ ಕೋಶ ಬಿಗಿಯಾಗುತ್ತದೆಯೇ ಹೊರತು ಒಡೆಯುವುದಿಲ್ಲ. ಹೀಗಾಗಿ ನಮ್ಮ ದೇಹ ಕೋಶಗಳ ಸುತ್ತಲಿನ ದ್ರವದ ಲವಣಾಂಶವನ್ನು ಸದಾ ಕಾಯ್ದುಕೊಳ್ಳಬೇಕಾಗಿದೆ, ಮೂತ್ರಪಿಂಡಗಳ ಮುಖ್ಯ ಕೆಲಸಗಳಲ್ಲಿ ಅದೂ ಒಂದು. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಹನಿಹನಿಯಾಗಿ ಬಿಡುವ ಸಲೈನ್‌ನಲ್ಲಿ ಸಾಮಾನ್ಯವಾಗಿ ಶೇಕಡ 0.9ರಷ್ಟು ಉಪ್ಪು ಇರುವುದೂ ಇದೇ ಕಾರಣಕ್ಕೆ.