ಟೋರ್ಬೆಲ್‌ನ ಹಸು ಲೆಕ್ಕ: ಬೇಸಿಗೆಯ ಮೇವಿಗೆ ಚಳಿಗಾಲದ ಅಳತೆ

ಸಾಮೂಹಿಕ ಆಸ್ತಿಯ ಬಗ್ಗೆ ಓದುವಾಗ ಟೋರ್ಬೆಲ್ ಅನ್ನೋ ಹೆಸರು ಬಂದೇ ಬರುತ್ತದೆ. ಹೆಚ್ಚಿನ ನೋಟ್ಸ್‌ಗಳಲ್ಲಿ ಅದಕ್ಕೆ ಸಿಗುವುದು ಒಂದೇ ಸಾಲು: 1517ರಲ್ಲಿ ಮೇಯಿಸುವ ಹಸುಗಳಿಗೆ ಮಿತಿ ಹಾಕಿದ ಸ್ವಿಸ್ ಹಳ್ಳಿ. ನಾನೂ ಮೊದಲು ಹಾಗೇ ಬಾಯಿಪಾಠ ಮಾಡಿದ್ದೆ. ಆ ಮಿತಿಯನ್ನು ಯಾವುದರಿಂದ ಅಳೆದರು ಅಂತ ಕೇಳಿಕೊಂಡಿರಲಿಲ್ಲ. ಅದು ತಿಳಿಯಬೇಕಾದರೆ ಕಾನೂನಿಗಿಂತ ಮೊದಲು ಊರಿನ ನೆಲ ನೋಡಬೇಕು.

ಕೆಳಗಿನಿಂದ ಮೇಲಕ್ಕೆ

ಸ್ವಿಟ್ಜರ್ಲೆಂಡಿನ ದಕ್ಷಿಣದಲ್ಲಿರುವ ವಾಲಿಸ್ ಪ್ರಾಂತದ ಕಡಿದಾದ ಕಣಿವೆಯೊಂದರಲ್ಲಿ, ಸುಮಾರು 1500 ಮೀಟರ್ ಎತ್ತರದಲ್ಲಿ ಈ ಊರಿದೆ. ಸಪಾಟು ಜಾಗ ಅಂತ ಇಲ್ಲವೇ ಇಲ್ಲ. ಹಾಗಾಗಿ ಇಲ್ಲಿನ ರೈತನ ಹೊಲ ಮನೆ ಸುತ್ತ ಹರಡಿಕೊಂಡಿಲ್ಲ, ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹಂಚಿಹೋಗಿದೆ. ತೀರಾ ಕೆಳಗೆ, ಬೆಚ್ಚಗಿರುವ ಕಡೆ, ದ್ರಾಕ್ಷಿ. ಊರಿನ ಆಸುಪಾಸಿನಲ್ಲಿ ತರಕಾರಿ ತೋಟ, ರೈ ಧಾನ್ಯದ ಹೊಲ, ಹುಲ್ಲು ಬೆಳೆಸುವ ತುಂಡು ಜಮೀನು. ಅದರ ಮೇಲೆ ಕಾಡು. ಕಾಡಿಗೂ ಮೇಲೆ, ಮರ ಬೆಳೆಯದ ಎತ್ತರದಲ್ಲಿ, ಬೇಸಿಗೆಯ ಹುಲ್ಲುಗಾವಲು. ಅಲ್ಲಿನವರು ಆಲ್ಪ್ ಅನ್ನುವುದು ಈ ಹುಲ್ಲುಗಾವಲಿಗೆ. ನಾವು ಆ ಪದವನ್ನು ಪರ್ವತಕ್ಕೆ ಹಚ್ಚಿಬಿಡುತ್ತೇವೆ. ಗೋಮಾಳ ಅಂದುಕೊಂಡರೆ ಸದ್ಯಕ್ಕೆ ಸಾಕು, ಆದರೆ ವರ್ಷದಲ್ಲಿ ಕೆಲವೇ ತಿಂಗಳು ಹಿಮ ಬಿಟ್ಟುಕೊಡುವ ಗೋಮಾಳ.

ದ್ರಾಕ್ಷಿ, ತೋಟ, ಹೊಲ, ಹುಲ್ಲಿನ ಜಮೀನು ಇವೆಲ್ಲ ಖಾಸಗಿ. ಮಾರಬಹುದು, ಕೊಳ್ಳಬಹುದು, ಮಕ್ಕಳಿಗೆ ಪಾಲು ಮಾಡಬಹುದು. ಗಂಡು ಹೆಣ್ಣು ಅನ್ನದೆ ಎಲ್ಲ ಮಕ್ಕಳಿಗೂ ಪಾಲು ಕೊಡುವ ಪದ್ಧತಿ ಇದ್ದುದರಿಂದ ಜಮೀನು ಚೂರುಚೂರಾಗಿತ್ತು. ಇದನ್ನು ಸುಮ್ನೆ ದೋಷ ಅಂತ ಬರೆಯಬೇಡಿ. ಬೇರೆ ಬೇರೆ ಎತ್ತರದಲ್ಲಿ ಬೇರೆ ಬೇರೆ ವಾರಗಳಲ್ಲಿ ಬೆಳೆ ಬಲಿಯುತ್ತದೆ. ಒಂದೇ ಮನೆಯ ನಾಲ್ಕು ಕೈಗಳು ಮೇಲಿನ ಚೂರು, ಕೆಳಗಿನ ಚೂರು ಅಂತ ಸರದಿಯಲ್ಲಿ ಮುಗಿಸಬಹುದು. ಆಲಿಕಲ್ಲು ಬಿದ್ದರೂ ಎಲ್ಲ ಒಟ್ಟಿಗೆ ಹೋಗುವುದಿಲ್ಲ.

ಆಲ್ಪ್, ಕಾಡು, ಪಾಳು ನೆಲ, ನೀರಿನ ಕಾಲುವೆ, ಇವನ್ನೆಲ್ಲ ಜೋಡಿಸುವ ದಾರಿ ಮಾತ್ರ ಊರಿನವು. 1483ರಲ್ಲಿ ಊರಿನವರು ಸೇರಿ ಆಲ್ಪ್, ಕಾಡು, ಪಾಳು ನೆಲದ ಬಳಕೆಗೆ ಒಂದು ಸಂಘ ಕಟ್ಟಿ ಬರವಣಿಗೆಯಲ್ಲಿ ಸಹಿ ಹಾಕಿದರು. ಹೊರಗಿನವನು ಅಲ್ಲಿ ಜಮೀನು ಕೊಂಡರೂ ಆಲ್ಪ್‌ನಲ್ಲಿ ಮೇಯಿಸುವ, ಕಾಡಿನಲ್ಲಿ ಮರ ಕಡಿಯುವ ಹಕ್ಕು ಅವನಿಗೆ ಬರುವುದಿಲ್ಲ ಅಂತ ಅದರಲ್ಲೇ ಇದೆ. ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವುದು ಊರಿನವರ ಕೈಯಲ್ಲೇ ಉಳಿಯಿತು.

ಊರ ಹುಲ್ಲುಗಾವಲು ಹಾಳಾಗದೆ ಉಳಿಯುವುದು ಹೇಗೆ ಅನ್ನುವ ಪ್ರಶ್ನೆಗೆ ಇಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದದ್ದು 'ಎಲ್ಲರಿಗೂ ತೆರೆದ' ಹುಲ್ಲುಗಾವಲಿನ ಬಗ್ಗೆ. ಪ್ರತಿಯೊಬ್ಬನೂ ಇನ್ನೊಂದು ಹಸು, ಇನ್ನೊಂದು ಹಸು ಅಂತ ಸೇರಿಸುತ್ತಾ ಹೋಗಿ ಕೊನೆಗೆ ಹುಲ್ಲೇ ಇಲ್ಲದಂತಾಗುತ್ತದೆ ಅನ್ನುವುದು ಅವರ ವಾದ. ಟೋರ್ಬೆಲ್‌ನ ಆಲ್ಪ್ ಎಲ್ಲರಿಗೂ ತೆರೆದಿರಲಿಲ್ಲ. ಆದ್ದರಿಂದ 'ಹಾರ್ಡಿನ್ ತಪ್ಪು, ಊರ ನೆಲವನ್ನು ಜನರೇ ನಿಯಮ ಮಾಡಿಕೊಂಡು ಕಾಪಾಡಬಲ್ಲರು ಅಂದ ಎಲಿನಾರ್ ಆಸ್ಟ್ರಮ್ ಸರಿ' ಅಂತ ಬರೆದು ಮುಗಿಸಬೇಡಿ. ತಾನು ಹೇಳಬೇಕಾಗಿದ್ದದ್ದು 'ನಿರ್ವಹಣೆ ಇಲ್ಲದ' ಸಾಮೂಹಿಕ ನೆಲದ ಬಗ್ಗೆ ಅಂತ ಹಾರ್ಡಿನ್ ಅವರೇ ಆಮೇಲೆ ತಿದ್ದಿಕೊಂಡಿದ್ದಾರೆ.

ಆದರೆ ಒಳಗಿನವರೇ ಹಸು ಜಾಸ್ತಿ ಮಾಡಿದರೆ? ಉತ್ತರದ ಉಳಿದರ್ಧ 1517ರ ನಿಯಮದಲ್ಲಿದೆ.

ಕೊಟ್ಟಿಗೆಯ ಲೆಕ್ಕ

ನಿಯಮ ಹೇಳುವುದು ಇಷ್ಟೇ: ಚಳಿಗಾಲದಲ್ಲಿ ಎಷ್ಟು ಹಸುಗಳನ್ನು ಸಾಕಬಲ್ಲೆಯೋ ಅಷ್ಟನ್ನೇ ಬೇಸಿಗೆಯಲ್ಲಿ ಆಲ್ಪ್‌ಗೆ ಕಳಿಸಬಹುದು. 'ಚಳಿಗಾಲ' ಅನ್ನುವ ಪದವನ್ನು ನಾನು ಎಷ್ಟೋ ಸಲ ದಾಟಿಕೊಂಡು ಹೋಗಿದ್ದೆ. ಬೀಗದ ಕೈ ಇರುವುದೇ ಅಲ್ಲಿ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅವರ ಹುಲ್ಲಿನ ಜಮೀನಿನಿಂದ ಚಳಿಗಾಲಕ್ಕೆ ಮೂರು ಹಸುವಿಗೆ ಸಾಕಾಗುವಷ್ಟು ಒಣಹುಲ್ಲು ಸಿಗುತ್ತದೆ. ಮನೆಯವನಿಗೆ ಆಸೆ ಬಂತು. ಜೂನ್‌ನಲ್ಲಿ ಇನ್ನೆರಡು ಹಸು ತಂದು ಆಲ್ಪ್‌ನಲ್ಲಿ ಪುಕ್ಕಟೆಯಾಗಿ ಮೇಯಿಸಿ, ಶರತ್ಕಾಲದಲ್ಲಿ ಮಾರಿದರೆ ಲಾಭ ಅಲ್ವಾ? ನಿಯಮ ಮುಚ್ಚಿದ್ದು ಈ ಕಿಂಡಿಯನ್ನೇ. ಐದು ಹಸು ಕಳಿಸಬೇಕಾದರೆ ಐದು ಹಸುವಿನ ಒಣಹುಲ್ಲು ಬೇಕು. ಅದಕ್ಕೆ ಹುಲ್ಲಿನ ಜಮೀನು ಜಾಸ್ತಿ ಬೇಕು. ಅಂಥ ಕಡಿದಾದ ಜಾಗದಲ್ಲಿ ಹುಲ್ಲನ್ನು ಕೊಯ್ದು, ಒಣಗಿಸಿ, ಬೆನ್ನ ಮೇಲೆ ಹೊತ್ತು ತರುವ ಕೈಗಳೂ ಬೇಕು. ಕಣಿವೆ ಸ್ವಿಟ್ಜರ್ಲೆಂಡಿನ ತೀರಾ ಒಣ ಜಾಗಗಳಲ್ಲೊಂದು. ಹಾಗಾಗಿ ಹುಲ್ಲು ಚೆನ್ನಾಗಿ ಬರಬೇಕಾದರೆ ಕಾಲುವೆ ನೀರೂ ಬೇಕು.

ಅಂದರೆ ಮೇಲಿನ ಆಲ್ಪ್ ಎಷ್ಟು ಹಸು ತಾಳುತ್ತದೆ ಅಂತ ಯಾರೂ ಅಳೆಯಬೇಕಾಗಿಲ್ಲ. ಅಳೆಯುವುದು ಕಷ್ಟ, ಜಗಳಕ್ಕೂ ದಾರಿ. ಕೆಳಗಿನ ಹುಲ್ಲಿನ ಅಟ್ಟವೇ ಅಳತೆ. ಇಡೀ ಊರಿನ ಹುಲ್ಲಿನ ಜಮೀನಿಗೆ ಒಂದು ಮಿತಿ ಇದೆ, ಆದ್ದರಿಂದ ಮೇಲೆ ಹೋಗುವ ಹಸುಗಳಿಗೂ ಮಿತಿ ಇದೆ. ಇನ್ನೊಂದು ಕಡೆಯಿಂದಲೂ ನೋಡಿ. ಹಸು ಬೇಸಿಗೆಯಲ್ಲಿ ಮೇಲೆ ಇದ್ದರೆ ಮಾತ್ರ ಕೆಳಗಿನ ಹುಲ್ಲು ಉಳಿದು, ಬೆಳೆದು, ಕೊಯ್ಲಿಗೆ ಬರುತ್ತದೆ. ಖಾಸಗಿ ನೆಲಕ್ಕೆ ಊರ ನೆಲ ಬೇಕು, ಊರ ನೆಲಕ್ಕೆ ಖಾಸಗಿ ನೆಲ ಬೇಕು. ಕೊಟ್ಟಿಗೆಯ ಗೊಬ್ಬರ ಮತ್ತೆ ಹೊಲಕ್ಕೆ. ಈ ಸುತ್ತನ್ನು ಒಂದು ಚಿತ್ರವಾಗಿ ಬಿಡಿಸಿಕೊಂಡರೆ ಯಾವ ವ್ಯಾಖ್ಯೆಯನ್ನೂ ಉರು ಹೊಡೆಯಬೇಕಾಗಿಲ್ಲ.

ಇದನ್ನು ಸಮಾನತೆಯ ನಿಯಮ ಅಂತ ಬರೆದರೆ ತಪ್ಪಾಗುತ್ತದೆ. ಹುಲ್ಲಿನ ಜಮೀನು ಜಾಸ್ತಿ ಇದ್ದವನು ಹಸುವನ್ನೂ ಜಾಸ್ತಿ ಕಳಿಸುತ್ತಾನೆ. ಕೆಳಗಿನ ಹೆಚ್ಚುಕಡಿಮೆ ಹಾಗೇ ಮೇಲಕ್ಕೂ ಹತ್ತುತ್ತದೆ. ನಿಯಮ ಕಾಪಾಡಿದ್ದು ಹುಲ್ಲುಗಾವಲನ್ನು, ಬಡವನನ್ನಲ್ಲ. ಈ ಮಾತು ಹೆಚ್ಚಿನ ಪಠ್ಯಗಳಲ್ಲಿ ಮೆತ್ತಗಾಗಿಬಿಡುತ್ತದೆ ಅಂತ ನನಗನ್ನಿಸುತ್ತದೆ.

ಜಾರಿ ಮಾಡುತ್ತಿದ್ದದ್ದು ಗೆವಾಲ್ಟ್‌ಹಾಬರ್ ಅನ್ನುವ ಊರಿನದೇ ಅಧಿಕಾರಿ. ಮಿತಿ ಮೀರಿದವನಿಗೆ ಅವನು ದಂಡ ಹಾಕಬಹುದಿತ್ತು, ದಂಡದ ಅರ್ಧ ಅವನಿಗೇ. ಕಣ್ಣುಮುಚ್ಚಿ ಕೂತರೆ ಅವನಿಗೇ ನಷ್ಟ! ಆಲ್ಪ್ ದುರಸ್ತಿಯ ಕೆಲಸವನ್ನೂ ಎಷ್ಟು ಹಸು ಕಳಿಸಿದ್ದೀರೋ ಅದಕ್ಕೆ ತಕ್ಕಂತೆ ಮಾಡಬೇಕಿತ್ತು.

ಕಾಡಿನ ಸೌದೆ

ಸೌದೆಗೆ ಬೇರೆಯೇ ಉಪಾಯ. ಕಡಿಯಬೇಕಾದ ಮರಗಳಿಗೆ ಊರಿನ ಅಧಿಕಾರಿಗಳು ಗುರುತು ಹಾಕುತ್ತಿದ್ದರು. ಹಕ್ಕಿರುವ ಮನೆಗಳವರು ತಂಡ ಕಟ್ಟಿಕೊಂಡು, ಕಡಿದು, ಎಳೆದು ತಂದು, ಹೆಚ್ಚುಕಡಿಮೆ ಒಂದೇ ಗಾತ್ರದ ರಾಶಿ ಮಾಡುತ್ತಿದ್ದರು. ಆಮೇಲೆ ಚೀಟಿ ಎತ್ತಿ ಯಾರಿಗೆ ಯಾವ ರಾಶಿ ಅಂತ ತೀರ್ಮಾನ. ತನಗೆ ಯಾವ ರಾಶಿ ಬರುತ್ತದೋ ಗೊತ್ತಿಲ್ಲದಿದ್ದಾಗ ರಾಶಿಗಳನ್ನು ಸಮನಾಗಿ ಜೋಡಿಸುವುದೇ ಜಾಣತನ. ಹಸುವಿನಲ್ಲಿ ಇಲ್ಲದ ಸಮಪಾಲು ಸೌದೆಯಲ್ಲಿದೆ.

ಇಷ್ಟನ್ನೂ ನಮಗೆ ತಿಳಿಸಿದವರು ಮಾನವಶಾಸ್ತ್ರಜ್ಞ ರಾಬರ್ಟ್ ನೆಟ್ಟಿಂಗ್. 1970ರ ದಶಕದಲ್ಲಿ ಅವರು ಈ ಊರಿನ ಬಗ್ಗೆ ಬರೆದದ್ದನ್ನು ಎಲಿನಾರ್ ಆಸ್ಟ್ರಮ್ ತಮ್ಮ ವಾದಕ್ಕೆ ಎತ್ತಿಕೊಂಡರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ಪರೀಕ್ಷೆಯಲ್ಲಿ ಕೇಳುವ 'ಯಾವ ನೆಲ ಸಾಮೂಹಿಕವಾಗಿ ಉಳಿಯುತ್ತದೆ' ಅನ್ನುವ ಪ್ರಶ್ನೆಗೆ ನೆಟ್ಟಿಂಗ್ ಕೊಡುವ ಉತ್ತರ ನೆಲದ ಗುಣದಲ್ಲೇ ಇದೆ. ಎಕರೆಗೆ ಸಿಗುವ ಫಸಲು ಕಡಿಮೆ, ಈ ವರ್ಷ ಇಲ್ಲಿ ಮುಂದಿನ ವರ್ಷ ಅಲ್ಲಿ ಅನ್ನುವಷ್ಟು ಅನಿಶ್ಚಿತ, ಗೊಬ್ಬರ ಬೇಲಿ ಹಾಕಿ ಸುಧಾರಿಸಲು ಆಗದು, ಬಳಸಬೇಕಾದರೆ ದೊಡ್ಡ ಜಾಗವೇ ಬೇಕು, ಅದನ್ನು ನೋಡಿಕೊಳ್ಳಲು ದೊಡ್ಡ ಗುಂಪೂ ಬೇಕು. ಇಂಥ ನೆಲ ಊರಿನದಾಗಿ ಉಳಿಯಿತು. ದ್ರಾಕ್ಷಿ ತೋಟ ಇದಕ್ಕೆ ತದ್ವಿರುದ್ಧ. ಅಲ್ಲಿ ಒಬ್ಬನು ಅಗೆದದ್ದರ ಫಲ ಅವನಿಗೇ ಸಿಗಬೇಕು. ಒಂದೇ ಜನ, ಒಂದೇ ಊರು, ಎರಡೂ ಪದ್ಧತಿ ಅಕ್ಕಪಕ್ಕ ಶತಮಾನಗಳ ಕಾಲ ನಡೆದಿವೆ. ಖಾಸಗಿ ಅಂದರೇನು ಅಂತ ಗೊತ್ತಿಲ್ಲದೆ ಊರ ನೆಲ ಇಟ್ಟುಕೊಂಡವರಲ್ಲ ಇವರು.

ಇನ್ನು ನೀರು. ವಾಲಿಸ್‌ನಲ್ಲಿ ಬೆಟ್ಟದ ಮೈಗೆ ಅಂಟಿಕೊಂಡಂತೆ ಹರಿಯುವ ಕಾಲುವೆಗಳಿಗೆ ಸುವೋನೆ ಅನ್ನುತ್ತಾರೆ. ಕಾಲುವೆ ಎಲ್ಲರದು, ಆದರೆ ಪ್ರತಿ ಹುಲ್ಲಿನ ಜಮೀನಿಗೂ ಇಂತಿಷ್ಟು ಹೊತ್ತು ಅಂತ ನೀರಿನ ಸರದಿ. ನೆಟ್ಟಿಂಗ್ ಈ ಸರದಿಯ ಪಟ್ಟಿ ಹುಡುಕಿದಾಗ ಸಿಕ್ಕಿದ್ದು ಬೇರೆಯೇ ಸಂಗತಿ. ಪ್ರತಿಯೊಬ್ಬ ರೈತನಿಗೂ ತನ್ನ ಸರದಿ ಯಾವಾಗ ಅಂತ ಗೊತ್ತಿತ್ತು. ಇಡೀ ವ್ಯವಸ್ಥೆ ಹೇಗಿದೆ ಅಂತ ಕೇಳಿದರೆ ಹೇಳಬಲ್ಲವರು ಊರಲ್ಲಿ ಒಬ್ಬರೂ ಇರಲಿಲ್ಲ.